ಎಕ್ಲೇಸಿಯಾ: ಸಭೆ, ಇಗರ್ಜಿ ಮತ್ತು ಮುಂಬಯಿ



ಕ್ರೈಸ್ತ ಧರ್ಮಗ್ರಂಥದ ಹೊಸ ಒಡಂಬಡಿಕೆ ಗ್ರೀಕ್ ಭಾಷೆಯಲ್ಲಿ ಬರೆದದ್ದು. ಅದರಲ್ಲಿ ಸುಮಾರು 114 ಸಲ ಬರುವ ಪದ ‘ಎಕ್ಲೇಸಿಯಾ’. ಕನ್ನಡ ಬೈಬಲ್ ಇದನ್ನು ‘ಸಭೆ’ ಎನ್ನುತ್ತದೆ, ಮರಾಠಿ ಬೈಬಲ್ ‘ಮಂಡಳಿ’ ಎನ್ನುತ್ತದೆ. ಹಿಂದಿಯವರು ಪಾರಸಿ, ಉರ್ದುಗಳ ದಾರಿಯಿಂದ ಬಂದ ‘ಕಲೀಸಿಯಾ’ವನ್ನು ಇಟ್ಟುಕೊಂಡಿದ್ದಾರೆ. ಪೋರ್ಚುಗೀಸರ ‘ಇಗ್ರೇಜಾ’ ಕೊಂಕಣಿಯಲ್ಲಿ ‘ಇಗರ್ಜ್’ ಆಗಿ, ನಮ್ಮ ಕರಾವಳಿ ಕನ್ನಡದಲ್ಲಿ ‘ಇಗರ್ಜಿ’ಯಾಗಿ ನೆಲೆಸಿದೆ. ಇಂಗ್ಲಿಷಿನ ‘ಚರ್ಚ್’ ಎಲ್ಲರ ಬಾಯಲ್ಲೂ ಇದೆ. ಇವೆಲ್ಲ ಬೇರೆ ಬೇರೆ ಊರುಗಳಲ್ಲಿ ಹುಟ್ಟಿ ಬೆಳೆದ ಮಾತುಗಳು. ಆದರೆ ಮುಂಬಯಿಯಲ್ಲಿ ಒಂದೇ ಭಾನುವಾರ, ಒಂದೇ ಬಡಾವಣೆಯಲ್ಲಿ ಅಷ್ಟೂ ಕೇಳಿಸುತ್ತವೆ. ಆದ್ದರಿಂದ ಈ ಪದದ ಅರ್ಥವನ್ನು ವಿಚಾರಿಸಲು ಇದಕ್ಕಿಂತ ತಕ್ಕ ನಗರ ನಮ್ಮ ದೇಶದಲ್ಲಿ ಇನ್ನೊಂದಿಲ್ಲವೆಂದು ನನ್ನ ನಂಬಿಕೆ.

ನಾನು ಇಂದು ಮಂಡಿಸಬೇಕೆಂದಿರುವ ವಿಚಾರ ಇಷ್ಟು. ಎಕ್ಲೇಸಿಯಾ ಹುಟ್ಟಿನಲ್ಲಿ ಪೂಜೆಯ ಪದವಲ್ಲ, ಪೌರಜೀವನದ ಪದ. ಮೊದಲ ತಲೆಮಾರಿನ ಕ್ರೈಸ್ತರು ಅದನ್ನು ತಿಳಿದೇ ಆರಿಸಿಕೊಂಡರು. ಮುಂದೆ ಯೂರೋಪಿನ ಹಲವು ಭಾಷೆಗಳಲ್ಲಿ ಆ ಪೌರಾರ್ಥ ಮಸುಕಾಯಿತು. ಕನ್ನಡದ ‘ಸಭೆ’ ಮಾತ್ರ ಅದನ್ನು ಬಹುಮಟ್ಟಿಗೆ ಉಳಿಸಿಕೊಂಡಿದೆ, ಅದಕ್ಕೆ ತನ್ನದೇ ಆದ ಒಂದು ಹಳೆಯ ನೆನಪನ್ನೂ ಸೇರಿಸಿದೆ.

ಮೊದಲು ಆಥೆನ್ಸ್‌ಗೆ ಹೋಗೋಣ. ಕ್ರಿಸ್ತಪೂರ್ವ ಐದನೆಯ, ನಾಲ್ಕನೆಯ ಶತಮಾನಗಳಲ್ಲಿ ಆ ನಗರದ ಪೌರರು ನಿಕ್ಸ್ ಎಂಬ ಗುಡ್ಡದ ಇಳಿಜಾರಿನಲ್ಲಿ ಬಯಲಲ್ಲೇ ನೆರೆಯುತ್ತಿದ್ದರು. ಆ ನೆರವಿಯ ಹೆಸರು ಎಕ್ಲೇಸಿಯಾ. ನಾಲ್ಕನೆಯ ಶತಮಾನದಲ್ಲಿ ಅದು ವರ್ಷಕ್ಕೆ ನಲವತ್ತರಷ್ಟು ಸಲ ಕೂಡುತ್ತಿತ್ತು. ಕೆಲವು ಮುಖ್ಯ ನಿರ್ಣಯಗಳಿಗೆ 6,000 ಮಂದಿ ಹಾಜರಿರಬೇಕಿತ್ತು. ಯುದ್ಧ, ಸಂಧಿ, ಧಾನ್ಯದ ಆಮದು, ಅಧಿಕಾರಿಗಳ ಆಯ್ಕೆ ಎಲ್ಲವೂ ಅಲ್ಲಿ ಕೈ ಎತ್ತಿ ತೀರ್ಮಾನವಾಗುತ್ತಿದ್ದವು. ಮಾತಾಡಬಯಸುವವರು ಯಾರು ಎಂದು ಸಾರುವವನು ಕೂಗಿ ಕೇಳುತ್ತಿದ್ದ. ಪೌರನಾದ ಯಾವನಾದರೂ ಎದ್ದು ನಿಲ್ಲಬಹುದಿತ್ತು. ಪೇಟೆಯಲ್ಲಿ ಹರಟುತ್ತ ನಿಂತವರನ್ನು ಗುಡ್ಡದ ಕಡೆ ತಳ್ಳಲು ಕೆಂಪು ಬಣ್ಣದಲ್ಲಿ ಅದ್ದಿದ ಹಗ್ಗವನ್ನು ಇಬ್ಬರು ಎರಡು ತುದಿ ಹಿಡಿದು ಎಳೆದುಕೊಂಡು ಬರುತ್ತಿದ್ದರು. ಬಟ್ಟೆಗೆ ಆ ಬಣ್ಣ ತಾಗಿಸಿಕೊಂಡವನಿಗೆ ದಂಡ ಬೀಳುತ್ತಿತ್ತೆಂದು ಹಳೆಯ ಟೀಕಾಕಾರರು ಹೇಳುತ್ತಾರೆ. ಮುಂದೆ ಹಾಜರಾದವರಿಗೆ ಭತ್ಯೆಯೂ ಬಂತು, ಏಕೆಂದರೆ ದಿನಗೂಲಿಯವನು ಕೆಲಸ ಬಿಟ್ಟು ಬರಬೇಕಿತ್ತು. ಹೆಂಗಸರಿಗೆ, ಗುಲಾಮರಿಗೆ, ಹೊರಗಿನಿಂದ ಬಂದು ನೆಲೆಸಿದವರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಈ ಸಂಗತಿಯನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದಿನ ವಾದ ಇದರ ಮೇಲೆ ನಿಂತಿದೆ.

ಎರಡನೆಯ ನಿಲುಗಡೆ ಅಲೆಕ್ಸಾಂಡ್ರಿಯ. ಕ್ರಿಸ್ತಪೂರ್ವ ಮೂರನೆಯ ಶತಮಾನದಿಂದ ಅಲ್ಲಿಯ ಯೆಹೂದ್ಯ ವಿದ್ವಾಂಸರು ತಮ್ಮ ಹೀಬ್ರೂ ಗ್ರಂಥಗಳನ್ನು ಗ್ರೀಕ್‌ಗೆ ತಂದರು. ಮರುಭೂಮಿಯಲ್ಲಿ ನೆರೆದ ಇಸ್ರಾಯೇಲ್ಯರ ಸಮೂಹಕ್ಕೆ ಹೀಬ್ರೂವಿನಲ್ಲಿ ‘ಕಾಹಾಲ್’ ಎಂಬ ಮಾತಿತ್ತು. ಅದಕ್ಕೆ ಅವರು ಹಲವು ಕಡೆ ಎಕ್ಲೇಸಿಯಾ ಎಂದು ಬರೆದರು, ಕೆಲವು ಕಡೆ ‘ಸಿನಗಾಗ್’ ಎಂದರು. ಹೀಗೆ ಪೌರರ ಪದಕ್ಕೆ ದೇವರ ಮುಂದೆ ನಿಂತ ಜನಸಮೂಹ ಎಂಬ ಅರ್ಥವೂ ಕೂಡಿಕೊಂಡಿತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಪ್ರವಚನಗಳಲ್ಲಿ ಎಕ್ಲೇಸಿಯಾವನ್ನು ಒಡೆದು ತೋರಿಸುವ ವಾಡಿಕೆಯಿದೆ: ‘ಎಕ್’ ಎಂದರೆ ಹೊರಗೆ, ‘ಕಲೆಯೋ’ ಎಂದರೆ ಕರೆ, ಆದ್ದರಿಂದ ಲೋಕದಿಂದ ಹೊರಕ್ಕೆ ಕರೆಯಲ್ಪಟ್ಟವರು ಎಂಬುದೇ ನಿಜವಾದ ಅರ್ಥ, ಎಂದು. ಧಾತುವಿನ ಮಟ್ಟಿಗೆ ಅದು ಸರಿ. ಆದರೆ ಮೊದಲ ಶತಮಾನದ ಗ್ರೀಕನು ಈ ಪದ ಕೇಳಿದಾಗ ಅವನ ಮನಸ್ಸಿಗೆ ಬರುತ್ತಿದ್ದುದು ನೆರೆದ ಜನ, ಅಷ್ಟೇ. ಧಾತುವಿನಿಂದ ಧರ್ಮತತ್ತ್ವವನ್ನು ಹಿಂಡುವ ಈ ಪದ್ಧತಿಯನ್ನು ಜೇಮ್ಸ್ ಬಾರ್ ಎಂಬ ವಿದ್ವಾಂಸರು 1961ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕಟುವಾಗಿ ಪರೀಕ್ಷಿಸಿದರು. ಅವರು ಎತ್ತಿಕೊಂಡ ಉದಾಹರಣೆಗಳಲ್ಲಿ ಎಕ್ಲೇಸಿಯಾವೂ ಒಂದು. ಪದದ ಅರ್ಥ ಅದರ ಬಳಕೆಯಲ್ಲಿದೆ. ನಮ್ಮ ನಿರುಕ್ತಪ್ರಿಯತೆಗೂ ಈ ಮಾತು ಅನ್ವಯಿಸುತ್ತದೆ.

ಬಳಕೆಯನ್ನೇ ನೋಡುವುದಾದರೆ, ‘ಅಪೊಸ್ತಲರ ಕೃತ್ಯಗಳು’ ಗ್ರಂಥದ 19ನೆಯ ಅಧ್ಯಾಯಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ. ಸ್ಥಳ ಎಫೆಸ. ಅರ್ತೆಮೀ ದೇವಿಯ ಬೆಳ್ಳಿಯ ಗುಡಿಗಳನ್ನು ಮಾಡಿ ಮಾರುವ ದೇಮೇತ್ರಿಯ ಎಂಬ ಅಕ್ಕಸಾಲಿಗ, ಕ್ರಿಸ್ತನ ಅಪೊಸ್ತಲ ಪೌಲನ ಬೋಧನೆಯಿಂದ ತಮ್ಮ ಕಸುಬು ಕೆಡುತ್ತದೆಂದು ತನ್ನ ವೃತ್ತಿಯವರನ್ನೆಲ್ಲ ಎಬ್ಬಿಸುತ್ತಾನೆ. ಊರಿಗೆ ಊರೇ ನಾಟಕಶಾಲೆಗೆ ನುಗ್ಗುತ್ತದೆ. ಎರಡು ಗಂಟೆ ಕಾಲ ದೇವಿಯ ಜಯಘೋಷ ನಡೆಯುತ್ತದೆ, ಬಂದವರಲ್ಲಿ ಹೆಚ್ಚಿನವರಿಗೆ ತಾವು ಯಾಕೆ ಬಂದೆವೆಂಬುದೇ ಗೊತ್ತಿಲ್ಲ. ಕೊನೆಗೆ ನಗರದ ಅಧಿಕಾರಿಯೊಬ್ಬ ಜನರನ್ನು ಸಮಾಧಾನಪಡಿಸಿ, ದೂರಿದ್ದರೆ ನ್ಯಾಯಾಲಯವಿದೆ, ನಿಯಮದಂತೆ ಕೂಡುವ ಎಕ್ಲೇಸಿಯಾ ಇದೆ ಎಂದು ಹೇಳಿ ಎಲ್ಲರನ್ನೂ ಕಳಿಸುತ್ತಾನೆ. ಈ ಪ್ರಸಂಗದಲ್ಲಿ ಮೂರು ಸಲ ಎಕ್ಲೇಸಿಯಾ ಬರುತ್ತದೆ. ಮೂರೂ ಸಲ ಅದು ಕ್ರೈಸ್ತರನ್ನು ಸೂಚಿಸುವುದಿಲ್ಲ. ಎರಡು ಸಲ ದೊಂಬಿಯ ಗುಂಪನ್ನು, ಒಂದು ಸಲ ಊರಿನ ಕಾನೂನುಬದ್ಧ ಸಭೆಯನ್ನು ಸೂಚಿಸುತ್ತದೆ. 1611ರ ಇಂಗ್ಲಿಷ್ ಬೈಬಲ್ ಇಲ್ಲಿ ಮಾತ್ರ ಪದ ಬದಲಾಯಿಸಬೇಕಾಯಿತು, ‘ಚರ್ಚ್’ ಎಂದರೆ ವಾಕ್ಯವೇ ಕೆಡುತ್ತಿತ್ತು. ಕನ್ನಡದಲ್ಲಿ ಆ ತೊಡಕು ಹುಟ್ಟುವುದೇ ಇಲ್ಲ. ಎಫೆಸದ ಕ್ರೈಸ್ತರದೂ ಸಭೆ, ಎಫೆಸದ ಊರಿನವರದೂ ಸಭೆ ಎಂದು ಹೇಳಿದರೆ ನಮಗೆ ಎಲ್ಲೂ ಎಡವಿದಂತಾಗದು. ಒಂದೇ ಪದವನ್ನು ಎರಡಕ್ಕೂ ಬಳಸಿದ ಮೂಲ ಲೇಖಕನ ಕಿವಿಗೆ ಹೇಗೆ ಕೇಳಿಸಿತ್ತೋ ಹಾಗೆಯೇ ನಮಗೂ ಕೇಳಿಸುತ್ತದೆ.

ಪೌಲನ ಪತ್ರಗಳು ಈ ಗ್ರಂಥಕ್ಕಿಂತಲೂ ಹಳೆಯವು. ಅವುಗಳಲ್ಲಿ ಎಕ್ಲೇಸಿಯಾ ಮನೆಗಳಲ್ಲಿದೆ. ಗುಡಾರ ಹೊಲಿಯುವ ಪ್ರಿಸ್ಕಿಲ್ಲ ಮತ್ತು ಅಕ್ವಿಲ ದಂಪತಿಗಳ ಮನೆಯಲ್ಲಿ ಕೂಡುವ ಸಭೆ, ನುಂಫಳ ಮನೆಯ ಸಭೆ, ಫಿಲೆಮೋನನ ಮನೆಯ ಸಭೆ. ಕೆಂಖ್ರೆ ಎಂಬ ಬಂದರಿನ ಸಭೆಯ ಸೇವಕಿಯಾಗಿದ್ದ ಫೊಯಿಬೆಯನ್ನು ಆತ ಗೌರವದಿಂದ ಹೆಸರಿಸುತ್ತಾನೆ. ಮೊದಲ ಎರಡು ಶತಮಾನಗಳಲ್ಲಿ ಕ್ರೈಸ್ತರಿಗೆ ಪ್ರಾರ್ಥನೆಗೆಂದೇ ಕಟ್ಟಿದ ಕಟ್ಟಡಗಳಿರಲಿಲ್ಲ. ಯೂಫ್ರಟೀಸ್ ದಂಡೆಯ ಡ್ಯೂರಾ ಯೂರೋಪಸ್ ಎಂಬಲ್ಲಿ ಉತ್ಖನನದಲ್ಲಿ ಸಿಕ್ಕ, ಸುಮಾರು 240ರ ಕಾಲದ ಪ್ರಾರ್ಥನಾಸ್ಥಳ ಕೂಡ ನಡುಗೋಡೆ ತೆಗೆದು ಅಗಲಿಸಿದ ಒಂದು ವಾಸದ ಮನೆ.

ಫಿಲೆಮೋನನಿಗೆ ಬರೆದ ಪತ್ರದ ಮೇಲೆ ಸ್ವಲ್ಪ ಹೊತ್ತು ನಿಲ್ಲಲು ಅಪ್ಪಣೆ ಕೊಡಿ. ಹೊಸ ಒಡಂಬಡಿಕೆಯ ಅತಿ ಚಿಕ್ಕ ಪತ್ರಗಳಲ್ಲಿ ಅದೊಂದು. ಫಿಲೆಮೋನನ ಗುಲಾಮ ಓನೇಸಿಮನನ್ನು ಪೌಲನು ಒಡೆಯನ ಬಳಿಗೆ ಮರಳಿ ಕಳಿಸುತ್ತಿದ್ದಾನೆ. ಇನ್ನು ಮೇಲೆ ಅವನನ್ನು ಗುಲಾಮನಿಗಿಂತ ಹೆಚ್ಚಾಗಿ ಪ್ರಿಯ ಸಹೋದರನೆಂದು ಬರಮಾಡಿಕೊಳ್ಳಬೇಕೆಂಬುದು ಕೋರಿಕೆ. ಒಡೆಯ ಮತ್ತು ಗುಲಾಮರ ವ್ಯವಹಾರ ಅಂದಿನ ಕಾನೂನಿನಂತೆ ಮನೆಯೊಳಗಿನ ವಿಷಯ. ಆದರೆ ಪತ್ರದ ಮೇಲ್ವಿಳಾಸದಲ್ಲಿ ಫಿಲೆಮೋನನ ಹೆಸರಿನೊಂದಿಗೆ ಅವನ ಮನೆಯಲ್ಲಿ ಕೂಡುವ ಸಭೆಯೂ ಸೇರಿದೆ. ಅಂದರೆ ಈ ಕೋರಿಕೆಯನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಬೇಕು. ಕೇಳುವವರ ಸಾಲಿನಲ್ಲಿ ಬೇರೆ ಗುಲಾಮರೂ ಇರಬಹುದು. ಆಥೆನ್ಸಿನ ಗುಡ್ಡದ ಮೇಲೆ ಕಾಲಿಡಲಾಗದ ಮನುಷ್ಯನ ಭವಿಷ್ಯ ಈಗ ಎಕ್ಲೇಸಿಯಾದ ಕಿವಿಗೆ ಬಿದ್ದಿದೆ, ಮತ್ತು ಆ ಮನುಷ್ಯ ಎಕ್ಲೇಸಿಯಾದ ಒಳಗೇ ನಿಂತಿದ್ದಾನೆ. ಪೌಲನು ಗುಲಾಮಗಿರಿಯನ್ನು ರದ್ದುಪಡಿಸಿ ಎಂದು ಬರೆಯಲಿಲ್ಲ. ಆ ಕೊರತೆಯನ್ನು ಮರೆಮಾಡಬೇಕಾಗಿಲ್ಲ. ಆದರೆ ಪೌರರ ಪದವನ್ನು ಪೌರತ್ವವಿಲ್ಲದವರಿಗೆ ಕೊಟ್ಟದ್ದು ಸಣ್ಣ ಕೆಲಸವಲ್ಲ.

ಈ ಪದದ ಭಾರ ಎಷ್ಟೆಂಬುದು ಕೊರಿಂಥದವರಿಗೆ ಬರೆದ ಮೊದಲ ಪತ್ರದಿಂದ ತಿಳಿಯುತ್ತದೆ. ಅಲ್ಲಿಯ ಸಭೆ ಸಂಜೆ ಕೂಡಿ ಊಟ ಮಾಡುತ್ತಿತ್ತು. ಅನುಕೂಲಸ್ಥರು ತಂದದ್ದನ್ನು ತಾವೇ ಮೊದಲು ತಿಂದು ಕುಡಿದು ಮುಗಿಸುತ್ತಿದ್ದರು, ಏನೂ ಇಲ್ಲದವರು ಹಸಿದೇ ಉಳಿಯುತ್ತಿದ್ದರು. ದುಡಿದು ತಡವಾಗಿ ಬರುವ ಗುಲಾಮರು, ಕೂಲಿಗಳು ಆ ಹಸಿದವರೆಂದು ಅನೇಕ ವಿದ್ವಾಂಸರು ಊಹಿಸಿದ್ದಾರೆ. ಕೊನೆಯ ಪಾಳಿ ಮುಗಿಸಿ ಲೋಕಲ್ ಹಿಡಿದು ಬರುವವರ ಈ ನಗರದಲ್ಲಿ ಆ ಊಹೆಗೆ ಹೆಚ್ಚು ವಿವರಣೆ ಬೇಕಿಲ್ಲ. ಹೋಟೆಲ್ ಹುಡುಗರ ಕೆಲಸದ ಹೊತ್ತು ನೋಡಿಯೇ ಇಲ್ಲಿಯ ನಮ್ಮ ಹಿರಿಯರು ಕನ್ನಡ ರಾತ್ರಿ ಶಾಲೆಗಳನ್ನು ತೆರೆದರು. ಪೌಲನ ಸಿಟ್ಟು ಪ್ರಾರ್ಥನೆಯ ತಪ್ಪಿಗಲ್ಲ, ಪಂಕ್ತಿಯ ತಪ್ಪಿಗೆ. ಇಲ್ಲದವರನ್ನು ನಾಚಿಸುವುದೆಂದರೆ ದೇವರ ಎಕ್ಲೇಸಿಯಾವನ್ನೇ ಹೀನಾಯ ಮಾಡಿದಂತೆ ಎಂಬುದು ಅವನ ಅಭಿಪ್ರಾಯ.

ಇಲ್ಲಿಯೇ ನಮ್ಮ ‘ಸಭೆ’ ತನ್ನ ನೆನಪನ್ನು ಹೊತ್ತು ತರುತ್ತದೆ. ಮಹಾಭಾರತದಲ್ಲಿ ಒಂದು ಪರ್ವಕ್ಕೆ ಸಭೆಯದೇ ಹೆಸರು. ಅಲ್ಲಿ ದ್ರೌಪದಿ ಪ್ರಶ್ನೆ ಕೇಳಿದ್ದು ಒಬ್ಬ ರಾಜನನ್ನಲ್ಲ, ಸಭೆಯನ್ನು. ತನ್ನನ್ನು ತಾನೇ ಸೋತವನಿಗೆ ನನ್ನನ್ನು ಒಡ್ಡುವ ಹಕ್ಕು ಎಲ್ಲಿತ್ತು ಎಂಬ ಆ ಪ್ರಶ್ನೆಗೆ ಭೀಷ್ಮರು ಧರ್ಮ ಸೂಕ್ಷ್ಮವೆಂದರು, ಉಳಿದವರು ತಲೆ ತಗ್ಗಿಸಿದರು. ಬಾಯಿಬಿಡದ ಸಭಾಸದರಿಗೂ ಪಾಪದ ಪಾಲು ಬರುತ್ತದೆಂದು ವಿದುರ ಎಚ್ಚರಿಸಿದ. ಕುಮಾರವ್ಯಾಸನನ್ನು ಗಮಕಿಗಳ ಬಾಯಿಂದ ಕೇಳಿ ಬೆಳೆದ ಕನ್ನಡಿಗನಿಗೆ, ತಾಳಮದ್ದಳೆಯಲ್ಲಿ ಈ ಪ್ರಸಂಗದ ವಾದ ಕೇಳಿದ ಕರಾವಳಿಯವನಿಗೆ, ಸಭೆಯೆಂದರೆ ಉತ್ತರ ಕೊಡಬೇಕಾದ ಸ್ಥಳ. ಅಲ್ಲಿ ಮೌನವೂ ಅಪರಾಧ. ಬೈಬಲಿನ ಕನ್ನಡ ಅನುವಾದಕರು ಈ ಪ್ರಸಂಗವನ್ನು ಮನಸ್ಸಿನಲ್ಲಿಟ್ಟುಕೊಂಡು ಪದ ಆರಿಸಿದರೆಂದು ನಾನು ಹೇಳುತ್ತಿಲ್ಲ. ಪದ ತನ್ನೊಡನೆ ತರುವುದನ್ನು ಆರಿಸಿದವನು ತಡೆಯಲಾರ, ಅಷ್ಟೇ. ಕೊರಿಂಥದ ಪಂಕ್ತಿಯನ್ನು ಕನ್ನಡದಲ್ಲಿ ಓದುವಾಗ ಕುರುಸಭೆಯ ನೆರಳು ಅದರ ಮೇಲೆ ಬೀಳುತ್ತದೆ, ಅದರಿಂದ ಪೌಲನ ಮಾತು ಇನ್ನಷ್ಟು ಹರಿತವಾಗುತ್ತದೆ.

ಎಕ್ಲೇಸಿಯಾದ ಪೌರಾರ್ಥ ಯೂರೋಪಿನಲ್ಲಿ ಮಸುಕಾದ ಬಗೆಯನ್ನು ಚಿಕ್ಕದಾಗಿ ಹೇಳುತ್ತೇನೆ. 313ರ ನಂತರ ಕಾನ್‌ಸ್ಟಂಟೈನನ ಆಶ್ರಯದಲ್ಲಿ ದೊಡ್ಡ ಪ್ರಾರ್ಥನಾಲಯಗಳು ಎದ್ದವು, ಜನರ ಹೆಸರು ಕಟ್ಟಡಕ್ಕೂ ಅಂಟಿತು. ಇಂಗ್ಲಿಷಿನ ‘ಚರ್ಚ್’ ಎಕ್ಲೇಸಿಯಾದಿಂದ ಬಂದದ್ದೇ ಅಲ್ಲ, ‘ಪ್ರಭುವಿಗೆ ಸೇರಿದ್ದು’ ಎಂಬ ಅರ್ಥದ ‘ಕುರಿಯಾಕೋನ್’ ಎಂಬ ಬೇರೊಂದು ಗ್ರೀಕ್ ಪದದಿಂದ ಬಂದದ್ದು. 1526ರಲ್ಲಿ ವಿಲಿಯಂ ಟಿಂಡಲ್ ಹೊಸ ಒಡಂಬಡಿಕೆಯನ್ನು ಇಂಗ್ಲಿಷಿಗೆ ತಂದಾಗ ‘ಚರ್ಚ್’ ಬಿಟ್ಟು ಜನಸಮೂಹವೆಂಬ ಅರ್ಥದ ‘ಕಾಂಗ್ರಿಗೇಷನ್’ ಬಳಸಿದ. ಕಥೋಲಿಕ ಪಕ್ಷದ ಥಾಮಸ್ ಮೋರ್ ಅದನ್ನು ಉಗ್ರವಾಗಿ ಖಂಡಿಸಿದ. ಗುರುವರ್ಗದ ಅಧಿಕಾರಕ್ಕೆ ಈ ಒಂದು ಪದವೇ ಪೆಟ್ಟೆಂದು ಇಬ್ಬರಿಗೂ ಗೊತ್ತಿತ್ತು. 1536ರಲ್ಲಿ ಟಿಂಡಲ್‌ನ ಕೊರಳು ಬಿಗಿದು ದೇಹವನ್ನು ಸುಟ್ಟರು. 1611ರ ಬೈಬಲನ್ನು ಸಿದ್ಧಪಡಿಸಿದ ಜೇಮ್ಸ್ ರಾಜನ ಅನುವಾದಕರಿಗೆ ಕೊಟ್ಟ ನಿಯಮಗಳಲ್ಲಿ ‘ಚರ್ಚ್’ ಎಂಬ ಹಳೆಯ ಪದವನ್ನು ಬದಲಾಯಿಸಕೂಡದೆಂದು ಹೆಸರಿಸಿಯೇ ಬರೆದಿತ್ತು.

ಭಾರತಕ್ಕೆ ಬಂದ ಮಿಷನರಿಗಳಿಗೆ ಅಂಥ ನಿಯಮದ ಕಟ್ಟು ಇರಲಿಲ್ಲ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರ ದುಡಿಮೆಯಿಂದ 1831ರಲ್ಲಿ ಇಡೀ ಬೈಬಲ್ ಕನ್ನಡದಲ್ಲಿ ಪೂರ್ತಿಯಾಯಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಮುಂದೆ ಅದರ ಪರಿಷ್ಕರಣಕ್ಕೆ ಕೈಹಾಕಿದರು. ‘ಸಭೆ’ ನಮ್ಮ ಪ್ರಾಟೆಸ್ಟಂಟರ ದಿನಬಳಕೆಗೆ ಎಷ್ಟು ಇಳಿದಿದೆಯೆಂದರೆ ಪಾದ್ರಿಯು ‘ಸಭಾಪಾಲಕ’, ಆಡಳಿತ ನೋಡುವವರು ‘ಸಭಾಹಿರಿಯರು’. ಕಥೋಲಿಕರು ಕನ್ನಡದಲ್ಲಿ ‘ಧರ್ಮಸಭೆ’ ಎನ್ನುತ್ತಾರೆ. ಅದೇ ಪದ ಗ್ರಾಮಸಭೆಯಲ್ಲಿದೆ, ವಿಧಾನಸಭೆಯಲ್ಲಿದೆ, ಲೋಕಸಭೆಯಲ್ಲಿದೆ. ಟಿಂಡಲ್ ಪ್ರಾಣ ಕೊಟ್ಟರೂ ಇಂಗ್ಲಿಷಿನಲ್ಲಿ ಉಳಿಯದ ಅರ್ಥ ಕನ್ನಡಕ್ಕೆ ಸಹಜವಾಗಿ ಒದಗಿತು.

ಒಂದು ಆಕ್ಷೇಪಣೆಗೆ ಬೆಲೆ ಕೊಡಲೇಬೇಕು. ಸಭೆ ಮುಗಿಯುತ್ತದೆ, ವಂದನಾರ್ಪಣೆಯಾದ ಮೇಲೆ ಜನ ಚದುರುತ್ತಾರೆ. ಎಕ್ಲೇಸಿಯಾ ಪೌಲನಲ್ಲಿ ಚದುರಿದ ಮೇಲೂ ಉಳಿಯುವ ಬಾಂಧವ್ಯ. ಈ ದೃಷ್ಟಿಯಿಂದ ಮರಾಠಿಯ ‘ಮಂಡಳಿ’ ಒಂದು ಹೆಜ್ಜೆ ಮುಂದಿದೆಯೆಂದು ಒಪ್ಪುತ್ತೇನೆ. ಮರಾಠಿಗರು ಮನೆಮಂದಿಯನ್ನೂ ಗೆಳೆಯರ ಬಳಗವನ್ನೂ ಮಂಡಳಿ ಎಂದೇ ಕರೆಯುತ್ತಾರೆ. 1902ರಲ್ಲಿ ಮುಂಬಯಿಯಲ್ಲಿ ಮೊಗವೀರರು ಕಟ್ಟಿದ ಸಂಸ್ಥೆಯ ಹೆಸರಿನಲ್ಲೂ ವ್ಯವಸ್ಥಾಪಕ ಮಂಡಳಿಯಿದೆ. ಊರು ಬಿಟ್ಟು ಬಂದವರು ಮೊದಲು ಒಟ್ಟಾಗಿ, ಆಮೇಲೆ ಕಟ್ಟಡ ಕಟ್ಟಿದ ಚರಿತ್ರೆ ನಮ್ಮೆಲ್ಲ ಸಂಘಗಳದು.

ಮರಾಠಿ ಬೈಬಲಿನ ಪ್ರಸ್ತಾಪ ಬಂದಾಗ ಪಂಡಿತಾ ರಮಾಬಾಯಿಯವರನ್ನು ಹೆಸರಿಸದೆ ಮುಂದೆ ಹೋಗಲಾರೆ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಬಳಿಯ ಮಾಳದವರು. ಮಗಳು 1858ರಲ್ಲಿ ಹುಟ್ಟಿದ್ದು ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದ ಈ ವಿದುಷಿ ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲನ್ನು ಸಾಮಾನ್ಯ ಹೆಂಗಸರಿಗೆ ತಿಳಿಯುವ ಮರಾಠಿಗೆ ತಂದರು. ಕೇಡಗಾಂವದ ಮುಕ್ತಿ ಆಶ್ರಮದ ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸಿದವರೂ ಹೆಂಗಸರೇ. 1922ರಲ್ಲಿ ಅವರು ತೀರಿಕೊಂಡರು, ಗ್ರಂಥ 1924ರಲ್ಲಿ ಹೊರಬಂತು. ಇಂಗ್ಲೆಂಡಿನಲ್ಲಿ ದೀಕ್ಷೆ ಪಡೆದ ಹೊಸತರಲ್ಲೇ, ಪುರೋಹಿತರ ಒಂದು ನೊಗ ಕಳಚಿ ಬಂದವಳು ಇನ್ನೊಂದಕ್ಕೆ ಕೊರಳು ಕೊಡಲಾರೆ ಎಂಬ ಅರ್ಥದಲ್ಲಿ ಅಲ್ಲಿಯ ಸಂನ್ಯಾಸಿನಿಗೆ ಬರೆದ ಧೀರೆ ಅವರು. ಎಕ್ಲೇಸಿಯಾ ಗುರುವರ್ಗದ ಸೊತ್ತೋ ವಿಶ್ವಾಸಿಗಳ ಸಮೂಹವೋ ಎಂಬ ಟಿಂಡಲ್‌ನ ಪ್ರಶ್ನೆಯನ್ನು ಭಾರತದ ಹೆಂಗಸೊಬ್ಬರು ತಮ್ಮ ಅನುಭವದಿಂದಲೇ ಎತ್ತಿದ್ದು ಹೀಗೆ.

ಇನ್ನು ‘ಇಗರ್ಜಿ’. ಪದದ ವಂಶಾವಳಿ ನೋಡಿದರೆ ಎಕ್ಲೇಸಿಯಾದ ನೇರ ಸಂತಾನ ಇದೇ. ಆದರೆ ಆಡುಮಾತಿನಲ್ಲಿ ಅದು ಮೊದಲು ಸೂಚಿಸುವುದು ಕಟ್ಟಡವನ್ನು: ಗಂಟೆಗೋಪುರ, ಮುಂದಿನ ಶಿಲುಬೆ, ಬಿಳಿಯ ಮುಖ. ಮುಂಬಯಿಯಲ್ಲಿ ಇಗರ್ಜಿಯ ಹೆಸರು ಹೊತ್ತ ಬಾಗಿಲೊಂದು ಹೋಗಿ ಬರಿಯ ಹೆಸರು ಉಳಿದದ್ದೂ ಉಂಟು. ಸೇಂಟ್ ಥಾಮಸ್ ದೇವಾಲಯದ ಕಡೆ ತೆರೆಯುತ್ತಿದ್ದ ಕೋಟೆಬಾಗಿಲಿಗೆ ಚರ್ಚ್‌ಗೇಟ್ ಎಂದರು. 1860ರ ದಶಕದಲ್ಲಿ ಕೋಟೆಗೋಡೆ ಕೆಡವಿದರು, ಹೆಸರು ರೈಲುನಿಲ್ದಾಣಕ್ಕೆ ಅಂಟಿಕೊಂಡಿತು. ಹಾಗೆಂದು ಇಗರ್ಜಿ ಬರಿಯ ಕಲ್ಲುಗಾರೆಯ ಮಾತೆಂದು ತಳ್ಳಿಹಾಕುವಂತಿಲ್ಲ. ಕೊಂಕಣಿ ಕಥೋಲಿಕರು ‘ಇಗರ್ಜ್ ಮಾತಾ’ ಎನ್ನುವಾಗ ತಾಯಿಯೆಂದು ಕರೆಯುವುದು ಗೋಡೆಯನ್ನಲ್ಲ. ಅವರ ಚರಿತ್ರೆಯೇ ಇದನ್ನು ಕಲಿಸಿದೆ. 1784ರಲ್ಲಿ ಟಿಪ್ಪು ಸುಲ್ತಾನನು ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಕಳಿಸಿದಾಗ ಕರಾವಳಿಯ ಇಗರ್ಜಿಗಳು ನೆಲಸಮವಾದವು. ಸೆರೆ ಮುಗಿದ 1799ರ ತನಕ ಕಟ್ಟಡವಿಲ್ಲದೆ ಸಮುದಾಯ ಉಳಿಯಿತು, ಮರಳಿದವರು ಪುನಃ ಕಟ್ಟಿದರು. ವಸಾಯಿಯಲ್ಲಿ 1739ರಲ್ಲಿ ಕೋಟೆ ಮರಾಠರ ವಶವಾಗಿ, ಒಳಗಿನ ಇಗರ್ಜಿಗಳು ಪಾಳುಬಿದ್ದವು. ಸುತ್ತಲಿನ ಹಳ್ಳಿಗಳ ಮರಾಠಿ ಮಾತಿನ ಕ್ರೈಸ್ತರು ಇಂದಿಗೂ ಅಲ್ಲೇ ಇದ್ದಾರೆ.

ಕಟ್ಟಡಕ್ಕಿಂತ ಜನ ಮುಖ್ಯವೆಂಬ ಈ ಅರ್ಥ ಕಥೋಲಿಕರ ಅಧಿಕೃತ ಮಾತಿನಲ್ಲೂ ಬಂತು. 1964ರ ನವೆಂಬರ್ 21ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಧರ್ಮಸಭೆಯನ್ನು ಕುರಿತ ತನ್ನ ಘೋಷಣೆಯನ್ನು ಹೊರಡಿಸಿತು. ಅದರ ಎರಡನೆಯ ಅಧ್ಯಾಯ ‘ದೇವಜನ’ವನ್ನು ಕುರಿತದ್ದು, ಬಿಷಪ್ಪರ ಅಧಿಕಾರಶ್ರೇಣಿಯ ವಿಚಾರ ಬರುವುದು ಮೂರನೆಯದರಲ್ಲಿ. ಜನ ಮೊದಲು, ಅಧಿಕಾರ ಆಮೇಲೆ ಎಂಬ ಈ ಅನುಕ್ರಮವೇ ಒಂದು ವ್ಯಾಖ್ಯಾನ. ಅದಾಗಿ ಎರಡು ವಾರ ಕಳೆಯುವ ಮೊದಲೇ, ಡಿಸೆಂಬರ್ 2ರಂದು, ಆರನೆಯ ಪೌಲ್ ಪೋಪರು ಪರಮಪ್ರಸಾದ ಮಹಾಸಮ್ಮೇಳನಕ್ಕಾಗಿ ಮುಂಬಯಿಗೆ ಬಂದಿಳಿದರು. ಭಾರತಕ್ಕೆ ಬಂದ ಮೊದಲ ಪೋಪರು ಅವರು. ಸಮ್ಮೇಳನ ನೆರೆದದ್ದು ಯಾವ ಪ್ರಧಾನಾಲಯದಲ್ಲೂ ಅಲ್ಲ, ಚರ್ಚ್‌ಗೇಟಿನ ಪಕ್ಕದ ಓವಲ್ ಮೈದಾನದಲ್ಲಿ, ನಿಕ್ಸ್ ಗುಡ್ಡದ ಪೌರರಂತೆ ಬಯಲಲ್ಲಿ. ಮುಂದೆ ಈ ಧರ್ಮಪ್ರಾಂತ್ಯದಲ್ಲಿ 1980ರ ದಶಕದಿಂದ ಕಿರು ಸಮುದಾಯಗಳು ಬೆಳೆದವು. ಒಂದೊಂದು ಚಾಳು, ಒಂದೊಂದು ಕಟ್ಟಡದ ಕುಟುಂಬಗಳು ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಕೂಡುತ್ತವೆ. ಚಪ್ಪಲಿಗಳು ಹೊರಗಿನ ನಡೆಯಲ್ಲಿ, ಜನ ಮಂಚದ ಮೇಲೆ, ನೆಲದ ಮೇಲೆ; ಅಡುಗೆಮನೆಯ ಬಾಗಿಲಲ್ಲಿ ನಿಂತವರೂ ಓದಿದ ವಾಕ್ಯದ ಬಗ್ಗೆ ಮಾತಾಡುತ್ತಾರೆ. ಮಂಗಳೂರಿನ ಕಡೆಯವರಿಗೆ ಇದು ತೀರ ಹೊಸತೂ ಅಲ್ಲ, ಅಲ್ಲಿ ಪ್ರತಿ ವಾಡೆಗೂ ಅದರ ಮುಖ್ಯಸ್ಥರಾಗಿ ಗುರ್ಕಾರರಿದ್ದರು. ಪ್ರಿಸ್ಕಿಲ್ಲಳ ಮನೆಯ ಎಕ್ಲೇಸಿಯಾ ಹೇಗಿತ್ತೆಂದು ಯಾರಾದರೂ ಕೇಳಿದರೆ ನಾನು ಇಂಥ ಮನೆಯನ್ನೇ ತೋರಿಸುತ್ತೇನೆ.

ಕೊನೆಯದಾಗಿ ಒಂದು ಬಿನ್ನಹ. ‘ಹೊಸಗನ್ನಡದ ಅರುಣೋದಯ’ ಬರೆದು ಮಿಷನರಿಗಳ ಕನ್ನಡದ ಬೆಲೆ ತೋರಿಸಿಕೊಟ್ಟ ಶ್ರೀನಿವಾಸ ಹಾವನೂರರು ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದ ಮುಖ್ಯಸ್ಥರಾಗಿದ್ದವರು. ಆ ಪರಂಪರೆ ನಮ್ಮದು. ಕನ್ನಡ, ಮರಾಠಿ, ಕೊಂಕಣಿ, ಹಿಂದಿ ಬೈಬಲ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು, ಗ್ರೀಕ್ ಮೂಲವನ್ನೂ ತೆರೆದಿಟ್ಟುಕೊಂಡು, ಒಂದೊಂದು ಪದದ ಬಾಳನ್ನು ಹಿಂಬಾಲಿಸುವ ಅಧ್ಯಯನಕ್ಕೆ ಈ ನಗರದಲ್ಲಿ ಇರುವಷ್ಟು ಅನುಕೂಲ ಬೆಂಗಳೂರಿನಲ್ಲೂ ಇಲ್ಲ, ಧಾರವಾಡದಲ್ಲೂ ಇಲ್ಲ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಆಡುವ ವಿದ್ಯಾರ್ಥಿಗಳು ಇಲ್ಲಿದ್ದಾರೆ. ಅವರಲ್ಲಿ ಇಬ್ಬರು ಮೂವರಾದರೂ ಗ್ರೀಕ್ ಕಲಿಯುವ ಏರ್ಪಾಡನ್ನು ವಿಶ್ವವಿದ್ಯಾಲಯವೂ ಇಲ್ಲಿಯ ಕನ್ನಡ ಸಂಘಗಳೂ ಸೇರಿ ಮಾಡಬೇಕೆಂದು ಕೋರುತ್ತೇನೆ.